ಸೊನ್ನೆ ಬಾಡಿಗೆಯ ತವರುಮನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಅಕ್ಕ ಗುರುಮಲ್ಲಮ್ಮ ನನಗೆ ವಹಿಸಿದ್ದು ಒಂದೇ ಒಂದು ಕೆಲಸ. ಪಕ್ಕದಲ್ಲಿ ಕೂತು, ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಅದನ್ನು ನಾನು ಮಾಡಲಿಲ್ಲ. ಒಮ್ಮೆ ಹೆಚ್ಚಾಗಿ ಹೇಳಿದೆ, ಇನ್ನೊಮ್ಮೆ ಕಡಿಮೆಯಾಗಿ ಹೇಳಿದೆ. ಎರಡನ್ನೂ ಕೂಡಿಸಿ ಭಾಗಿಸಿದರೆ ಸತ್ಯ ಬರುತ್ತದಲ್ಲ ಎಂದು ವಾದಿಸಿಯೂ ನೋಡಿದೆ. ಯಾರೂ ಒಪ್ಪಲಿಲ್ಲ!

ಆದರೆ ತಪ್ಪೆಲ್ಲ ನನ್ನೊಬ್ಬನದೇ ಎಂದು ನಮ್ಮೂರು ಉಮ್ಮತ್ತೂರಿನ ಜನ ಆಡಿಕೊಳ್ಳುತ್ತಿರುವುದನ್ನು ಮಾತ್ರ ನಾನು ಉಗ್ರವಾಗಿ ಖಂಡಿಸುತ್ತೇನೆ. ನಡೆದದ್ದನ್ನು ಕೇಳಿ, ಆಮೇಲೆ ಬೈಯಿರಿ.

ಅಕ್ಕ ಗುಂಡ್ಲುಪೇಟೆಯಲ್ಲಿ ಕೇರಳಕ್ಕೆ ಹೋಗುವ ರಸ್ತೆಯ ಪಕ್ಕ ಮೆಸ್ ನಡೆಸುತ್ತಾಳೆ. ಭಾವ ತೀರಿಕೊಂಡ ವರ್ಷ ಹಚ್ಚಿದ ಒಲೆ ಇನ್ನೂ ಆರಿಲ್ಲ. ಮಕ್ಕಳಿಲ್ಲ. ಮೆಸ್ಸಿನ ಹಿಂದಿನ ಕೋಣೆಯೇ ಅವಳ ಮನೆ. ತರಕಾರಿ ಲಾರಿಯ ಮಲಯಾಳಿ ಡ್ರೈವರುಗಳು "ಚೇಚೀ", ಅಂದರೆ ಅಕ್ಕಾ, ಎಂದು ಕೂಗುತ್ತಾ ಬರುತ್ತಾರೆ. ಅವರ ಭಾಷೆಯಲ್ಲಿ ಅವಳಿಗೆ ಬರುವುದು ಬೈಗುಳ ಮಾತ್ರ. ಅಷ್ಟರಲ್ಲೇ ವ್ಯಾಪಾರ ಚೆನ್ನಾಗಿ ನಡೆಯುತ್ತದೆ.

ಒಂದು ದಿನ ಫೋನು ಬಂತು.

"ಮಂಡಿ ಸವ್ದೋಗದೆ ಕಣ್ಲಾ ಮಾದೇವ. ಒಲೆ ಆರ್ಸಿ ವಸಿ ಕೂತ್ಕಳನ ಅನ್ನುಸ್ತದೆ. ಚಾಮರಾಜನಗರದಲ್ಲಿ ಒಬ್ರು ಮೇಡಂ ಅವ್ರಂತೆ. ಇರೋದ್ನೆಲ್ಲ ಕೇಳಿ, ಯಾವಾಗ ಕೆಲ್ಸ ಬುಡಬೋದು ಅಂತ ಲೆಕ್ಕ ಆಕ್ಕೊಡ್ತಾರಂತೆ. ಜೊತೇಲಿ ಬಾ."

"ನಂಗೇನ್ ಗೊತ್ತಾಯ್ತದಕ್ಕ ಅದೆಲ್ಲ?"

"ಗೊತ್ತಾಗ್ದಿದ್ರೂ ನಿಂಗೆ ಮಾತು ಬತ್ತದಲ್ಲ!"

ಇದು ನಿಜ. ನಾನು ಓದಿದ್ದು ಏಳನೇ ಕ್ಲಾಸಾದರೂ ನಮ್ಮ ಸುತ್ತಮುತ್ತ ಯಾರ ಮನೆಯ ಮದುವೆ ಮಾತುಕತೆ ಇದ್ದರೂ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ನನ್ನ ಗಣಿತ ಸರಳ. ಬೀಗರ ಮುಂದೆ ಕೂಡಿಸಬೇಕು, ಸರ್ಕಾರದವರ ಮುಂದೆ ಕಳೆಯಬೇಕು. ಬೀಗರು ಕೇಳಿದರೆ ಎರಡೆಕರೆ ನಾಲ್ಕಾಗುತ್ತದೆ. ರೇಷನ್ ಕಾರ್ಡಿನವರು ಕೇಳಿದರೆ ಅದೇ ಎರಡೆಕರೆ ಬರೀ ಬಂಡೆ. ಇಷ್ಟು ವರ್ಷ ಈ ಎರಡೇ ಬಗೆಯ ಜನ ನಮ್ಮನ್ನು ಆಸ್ತಿ ಕೇಳಿದ್ದರು. ಸತ್ಯವನ್ನೇ ಹೇಳಬೇಕಾದ ಮೂರನೇ ಬಗೆಯವರೂ ಇರುತ್ತಾರೆ ಎಂದು ಯಾವ ಮೇಷ್ಟ್ರೂ ನನಗೆ ಕಲಿಸಿರಲಿಲ್ಲ!

ಶಾಹೀನಾ ಮೇಡಂ ಅವರ ಆಫೀಸು ಗೊಬ್ಬರದಂಗಡಿಯ ಮಹಡಿ ಮೇಲೆ. ನಾನು ಜರಿಯಂಚಿನ ಪಂಚೆ ಉಟ್ಟು, ವಿಭೂತಿ ಧರಿಸಿ ಹೋಗಿದ್ದೆ. ಕಾಫಿ ಇಲ್ಲ, ಖಾರ ಇಲ್ಲ. ಬರೀ ನೀರು ಕೊಟ್ಟರು. ಪ್ರಶ್ನೆ ಕೇಳುವವರು ಅವರು, ಉತ್ತರ ಹೇಳುವವರು ನಾವು, ಫೀಸು ಕೊಡುವವರೂ ನಾವೇ! ಇದ್ಯಾವ ಸೀಮೆಯ ನ್ಯಾಯ?

"ಅಕ್ಕನ ಹತ್ರ ಚಿನ್ನ ಎಷ್ಟಿದೆ?" ಎಂದರು ಲ್ಯಾಪ್‌ಟಾಪ್ ತೆರೆದುಕೊಂಡು.

"ಮೈ ತುಂಬ ಅದೆ ಮೇಡಂ."

ಅವರು ಅಕ್ಕನ ಕಡೆ ನೋಡಿದರು. ಅಕ್ಕನ ಕಿವಿಯಲ್ಲಿ ಓಲೆ ಬಿಟ್ಟರೆ ಏನೂ ಇರಲಿಲ್ಲ.

"ಕಾಣ್ತಾ ಇಲ್ವಲ್ಲ?"

"ಮನೇಲದೆ."

ಅಕ್ಕ ನನ್ನ ತೊಡೆ ಚಿವುಟಿದಳು. ಮಾತುಕತೆಯಲ್ಲಿ ತೊಡೆ ಚಿವುಟಿದರೆ 'ಇನ್ನೂ ಹೇಳು' ಎಂದರ್ಥ. ನಾನು ಇನ್ನೂ ಹೇಳಿದೆ. ಹೊರಗಿನವರ ಮುಂದೆ ಒಡಹುಟ್ಟಿದವನ ಮಾತು ಮುರಿಯಬಾರದು ಎನ್ನುವುದು ನಮ್ಮ ಕಡೆಯ ಮರ್ಯಾದೆ. ಆದ್ದರಿಂದ ಅಕ್ಕ ಬಾಯಿ ಬಿಡಲಿಲ್ಲ, ಚಿವುಟುತ್ತಲೇ ಇದ್ದಳು.

ಮೇಡಂ ಮಾತ್ರ, "ತೂಕ ಹಾಕಿಸಿ ಚೀಟಿ ತನ್ನಿ, ಆಮೇಲೆ ಸೇರಿಸ್ತೀನಿ" ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಹೆಣ್ಣಿನ ಕಡೆಯವರು ಇಷ್ಟು ಅನುಮಾನ ಪಟ್ಟಿದ್ದರೆ ನಮ್ಮೂರಿನಲ್ಲಿ ಒಂದು ಮದುವೆಯೂ ಆಗುತ್ತಿರಲಿಲ್ಲ!

ಅದಾದರೂ ಹಾಳಾಗಲಿ. ಮುಂದಿನ ಪ್ರಶ್ನೆ ಕೇಳಿ.

"ಇವರು ಎಷ್ಟು ವರ್ಷದ ತನಕ ಬದುಕಿರ್ತಾರೆ ಅಂತ ಇಟ್ಕೊಳ್ಳೋಣ? ತೊಂಬತ್ತು?"

ನಾನು ಎದ್ದು ನಿಂತೆ. "ಎಂಥ ಮಾತು ಮೇಡಂ! ನಮ್ಮಕ್ಕ ನೂರು ವರ್ಸ ಬಾಳ್ತಾಳೆ!"

"ಸರಿ, ನೂರು" ಎಂದು ಅವರು ಒತ್ತಿದರು. ಪರದೆ ಕೆಂಪಾಯಿತು. "ನೂರು ಅಂದ್ರೆ ದುಡ್ಡು ಮಧ್ಯದಲ್ಲೇ ಮುಗಿದುಹೋಗುತ್ತೆ."

"ಅಂಗಾರೆ ತೊಂಬತ್ತೇ ಇರ್ಲಿ ಬುಡಿ."

ಆಗಲೂ ಕೆಂಪು.

"ಎಂಬತ್ತೈದು ಮಾಡಿ ನೋಡನ?"

"ಲೇ!" ಎಂದಳು ಅಕ್ಕ, ಅಲ್ಲಿಯ ತನಕ ಮುಚ್ಚಿದ್ದ ಬಾಯಿ ತೆರೆದು. "ನನ್ ಆಯಸ್ನ ಸಂತೆಮರಳ್ಳಿ ಸಂತೆ ಕುಂಬ್ಳಕಾಯಿ ಅಂದ್ಕಂಡ್ಯಾ? ಇನ್ನೂ ಎಷ್ಟ್ ಇಳಿಸ್ತೀಯ? ವಸಿ ನಂಗೂ ಉಳ್ಸು!"

ಮೇಡಂ ನಗು ತಡೆದುಕೊಂಡು ತೊಂಬತ್ತಕ್ಕೇ ನಿಲ್ಲಿಸಿದರು. ಆಮೇಲೆ ಕೇಳಿದರು: "ಮೆಸ್ ಮುಚ್ಚಿದ್ರೆ ಹಿಂದಿನ ಕೋಣೇನೂ ಬಿಡ್ಬೇಕಲ್ಲ. ಎಲ್ಲಿರ್ತಾರೆ? ಮನೆ ಬಾಡಿಗೆ ಎಷ್ಟು ಹಾಕ್ಲಿ?"

ಬಾಡಿಗೆ! ತಮ್ಮನಾದವನು ಕಣ್ಣೆದುರು ಗುಂಡುಕಲ್ಲಿನ ಹಾಗೆ ಕೂತಿರುವಾಗ! ನನ್ನ ಕಂಠ ತಾನಾಗಿಯೇ ಏರಿತು.

"ತವರುಮನೆ ಇರುವಾಗ ನಮ್ಮಕ್ಕ ಯಾಕ್ ಮೇಡಂ ಬಾಡಿಗೆ ಕಟ್ಟಾಳು? ಅತ್ತು ಜನ ಬಂದ್ರೂ ಜಾಗ ಅದೆ ನಮ್ಮನೇಲಿ. ರಾಣಿ ತರ ನೋಡ್ಕತೀನಿ. ಬಾಡಿಗೆ ಸೊನ್ನೆ! ಊಟ ಸೊನ್ನೆ!"

ಮೇಡಂ ಟಪಟಪ ಒತ್ತಿದರು. ಪರದೆ ಹಸಿರಾಯಿತು. "ಹಾಗಾದ್ರೆ ಈ ದೀಪಾವಳಿಗೇ ಒಲೆ ಆರಿಸಬಹುದು ಅಮ್ಮ" ಎಂದರು.

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬಸ್ ಸ್ಟ್ಯಾಂಡಿನಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತುವ ಮುಂಚೆ ಕೇಳಿದಳು.

"ನಿಜ್ವಾಗ್ಲೂ ಅಂದ್ಯೇನ್ಲಾ?"

"ನಾನೇನ್ ಸುಳ್ ಯೋಳ್ತೀನಾ ಅಕ್ಕ!"

ಈಗ ಓದುಗರೇ ನ್ಯಾಯ ಹೇಳಬೇಕು. ಅಕ್ಕನಿಗೆ "ಬಾ, ನಮ್ಮನೇಲೇ ಇದ್ದುಬುಡು" ಎನ್ನುವುದು, ಬಾಗಿಲಿಗೆ ಬಂದವರಿಗೆ "ಊಟ ಮಾಡ್ಕೊಂಡ್ ಹೋಗಿ" ಎನ್ನುವ ಹಾಗೆ. ನಾವು ಹೇಳಬೇಕು. ಅವರು "ಇನ್ನೊಂದ್ಸಲ ಬತ್ತೀನಿ ಬುಡಿ" ಎನ್ನಬೇಕು. ಇಬ್ಬರಿಗೂ ಮರ್ಯಾದೆ, ಅಕ್ಕಿಯೂ ಖರ್ಚಾಗುವುದಿಲ್ಲ. ಇಂಥ ಮಾತನ್ನು ಯಾರಾದರೂ ಟೈಪು ಮಾಡುತ್ತಾರೆಯೇ? ಇವರು ಮಾಡಿದರು! ಅಕ್ಕನೂ 'ಇನ್ನೊಂದ್ಸಲ' ಎನ್ನಲಿಲ್ಲ.

ಎನ್ನದಿದ್ದರೂ ಏನು ಕಷ್ಟ, ಕರೆದುಕೊಂಡು ಬರಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಮನೆಯಲ್ಲಿ ಖಾಲಿ ಇರಬೇಕಾಗಿದ್ದ ಒಂದೇ ಕೋಣೆಯ ತುಂಬ ಅರಿಶಿನದ ಮೂಟೆ. ಬೆಲೆ ಏರಲಿ ಎಂದು ಕಾಯುತ್ತಿದ್ದೆ. ನಾನು ಇಟ್ಟಾಗಿನಿಂದ ಅದು ಇಳಿಯುತ್ತಲೇ ಇತ್ತು. ನನಗೂ ಹಟ. ಇನ್ನೊಂದು ಕಾರಣವೂ ಇದೆ, ಬರೆಯಲು ನಾಚಿಕೆಯಾಗುತ್ತದೆ. ಅಕ್ಕ ಕೋಳಿ ಕೂಗುವ ಮುಂಚೆ ಏಳುವವಳು, ಮಲಗಿರುವವರನ್ನು ಕಂಡರೆ ಸಹಿಸುವವಳಲ್ಲ. ನಾನು ಬಿಸಿಲು ಮುಖಕ್ಕೆ ಬಿದ್ದ ಮೇಲೆ ಏಳುವವನು.

ಅಕ್ಕನ ಫೋನು ಮಾತ್ರ ದಿನಾ ಬರತೊಡಗಿತು. ಡ್ರೈವರುಗಳಿಗೆಲ್ಲ ದೀಪಾವಳಿಗೆ ಮೆಸ್ ಮುಚ್ಚುತ್ತೇನೆ ಎಂದು ಹೇಳಿದಳಂತೆ. ಕಟ್ಟಡದ ಮಾಲೀಕನಿಗೂ ಹೇಳಿದಳಂತೆ. ಅನ್ನ ಬೇಯಿಸುವ ದೊಡ್ಡ ಡಬರಿಯನ್ನು ಪಕ್ಕದ ಹೋಟೆಲಿನವಳಿಗೆ ಕೊಟ್ಟೇಬಿಟ್ಟಳಂತೆ.

"ಕೋಣೇಲಿ ನನ್ ಮಂಚ ಇಡಿಸ್ತದೇನ್ಲಾ? ಕಿಟಕಿ ಪಕ್ಕ ಆಕ್ಕೊಡು, ಗಾಳಿ ಬತ್ತದೆ."

"ಊಂ ಅಕ್ಕ, ಊಂ."

ಕಿಟಕಿ ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ಮೂಟೆಗಳ ಹಿಂದೆ ಎಲ್ಲೋ ಇರಬೇಕು!

ಅಕ್ಕನಿಗೆ ನೇರವಾಗಿ ಹೇಳುವ ಬದಲು ನಾನು ಬುದ್ಧಿವಂತಿಕೆ ಮಾಡಿದೆ. ಒಬ್ಬನೇ ಮೇಡಂ ಹತ್ತಿರ ಹೋದೆ. ಈ ಸಲ ಕಳೆಯುವ ಲೆಕ್ಕ. ಗಡ್ಡ ಬಿಟ್ಟು, ಗುಂಡಿ ಕಿತ್ತ ಅಂಗಿ ತೊಟ್ಟು, ರೇಷನ್ ಕಾರ್ಡಿನವರ ಮುಂದೆ ನಿಲ್ಲುವ ಹಾಗೆ ಕೈಕಟ್ಟಿ ನಿಂತೆ.

"ನಮ್ಮನೇಲಿ ಅಕ್ಕನ್ನ ಇಟ್ಕಳಕಾಗಕಿಲ್ಲ ಮೇಡಂ. ಸೋರ್ತದೆ. ಗೋಡೆ ಬಿರ್ಕು ಬುಟ್ಟದೆ. ಆವು-ಚೇಳು ಬತ್ತವೆ."

"ಹೋದ ಸಲ ಹತ್ತು ಜನಕ್ಕೆ ಜಾಗ ಇದೆ ಅಂದ್ರಿ?"

"ಆವೂ ಸೇರ್ಸಿ ಯೋಳಿದ್ದೆ ಮೇಡಂ."

ಅವರು ನಗಲಿಲ್ಲ. ಬಾಡಿಗೆ ಸೇರಿಸಿದರು, ಊಟ ಸೇರಿಸಿದರು. ಪರದೆ ಕೆಂಪಾಯಿತು.

"ಹೀಗಾದ್ರೆ ನಿಮ್ಮಕ್ಕ ಇನ್ನೂ ಎರಡು ವರ್ಷ ಒಲೆ ಮುಂದೆ ನಿಲ್ಬೇಕು."

"ಎರಡೇ ವರ್ಸ ತಾನೇ?" ಎಂದೆ. ಬಾಯಿಂದ ಬಂದುಹೋಯಿತು. ಮೇಡಂ ನನ್ನನ್ನು ನೋಡಿದ ನೋಟಕ್ಕೆ ನಿಜವಾದ ಹಾವಾಗಿದ್ದರೆ ಬಿಲ ಸೇರಿಕೊಳ್ಳುತ್ತಿದ್ದೆ.

"ಅಕ್ಕಂಗೆ ನಾ ಬಂದಿದ್ದು ಯೋಳ್ಬ್ಯಾಡಿ. ಲೆಕ್ಕ ತಪ್ಪಾಗಿತ್ತು ಅನ್ನಿ, ಸಾಕು."

"ಲೆಕ್ಕ ಮಾಡಿಸಿರೋದು ಅವರು, ನೀವಲ್ಲ" ಎಂದವರೇ ನನ್ನೆದುರಿಗೇ ಅಕ್ಕನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದರು. ಹಾವನ್ನೂ ಬಿಡಲಿಲ್ಲ!

ಮಾರನೇ ದಿನ ಬೆಳಿಗ್ಗೆ ಅಕ್ಕ ಉಮ್ಮತ್ತೂರಿಗೇ ಬಂದಳು. ನಾನು ಮಲಗಿದ್ದೆ. ಚಾಪೆ ಬಿಟ್ಟು ಏಳುವಷ್ಟರಲ್ಲಿ ಅವಳು ಕೋಣೆಯ ಬಾಗಿಲು ತೆಗೆದಾಗಿತ್ತು. ಹಳದಿ ದೂಳು ಎದ್ದಿತು. ನನ್ನ ಹೆಂಡತಿ ಮಂಗಳ ಅಡುಗೆಮನೆಯಿಂದ ಓಡಿ ಬಂದಳು.

"ಏನತ್ಗೆ, ಒಂದ್ ಮಾತೂ ಯೋಳ್ದೆ ಬಂದ್ಬುಟ್ರಿ?"

"ನನ್ ಮಂಚ ಇಡಾ ಜಾಗ ನೋಡನ ಅಂತ ಬಂದೆ ಕಣವ್ವ."

"ಯಾವ್ ಮಂಚ?"

ಅಕ್ಕ ನನ್ನ ಕಡೆ ತಿರುಗಿದಳು. ಮಂಗಳನೂ ತಿರುಗಿದಳು. ನಾನು ಮೂಟೆಗಳ ಕಡೆ ತಿರುಗಿದೆ.

ವಿಷಯ ತಿಳಿದ ಮೇಲೆ ಮಂಗಳ ಸಿಡಿದಳು. "ಅತ್ಗೆ ಬರೋದ್ನ ನಾನ್ ಬ್ಯಾಡ ಅಂದ್ನಾ? ಆ ಅರಿಸ್ನ ಮಾರಿ ಕೋಣೆ ಖಾಲಿ ಮಾಡು ಅಂತ ಬಡ್ಕತಾನೇ ಇವ್ನಿ. ನನ್ ಕೈಲಿ ಒಂದ್ ಮಾತ್ ಅಂದಿದ್ರೆ ಅವತ್ತೇ ಸುಣ್ಣ ಬಳೀತಿದ್ನಲ್ಲ!"

ನನಗೆ ಉಳಿದಿದ್ದ ಒಂದೇ ನೆಪ ಹೆಂಡತಿ. ಅದನ್ನೂ ಅವಳು ಕಿತ್ತುಕೊಂಡಳು!

ಅಕ್ಕ ಬೈಯಲಿಲ್ಲ. ಹುಳ ಹಿಡಿದ ಒಂದು ಕೊಂಬು ಅರಿಶಿನವನ್ನು ಎತ್ತಿ ನೋಡಿ ಮತ್ತೆ ಮೂಟೆಯೊಳಗೇ ಇಟ್ಟಳು. "ನಂಗಿಂತ ಇದಕ್ಕೇ ವಯಸ್ಸಾಗದೆ. ಇದೇ ಇರ್ಲಿ ಬುಡು ಇಲ್ಲಿ" ಎಂದಳು. ಕಾಫಿ ಕುಡಿದು, ಮಂಗಳನ ತಲೆ ಸವರಿ, ಬಸ್ಸಿಗೆ ಹೊರಟುಬಿಟ್ಟಳು.

ಅವಳು ಬೈದಿದ್ದರೆ ನಾನೂ ತಿರುಗಿ ಒಂದಷ್ಟು ಕೂಗಾಡಿ ಹಗುರಾಗುತ್ತಿದ್ದೆ. ಆ ಅನುಕೂಲವನ್ನೂ ಕೊಡಲಿಲ್ಲ.

ಅದೇ ವಾರ ಅರಿಶಿನ ಮಾರಿದೆ. ವ್ಯಾಪಾರಿ ಮೂಟೆಗೆ ಕೈ ಹಾಕಿ, "ಹುಳಕ್ಕೆ ಬೇರೆ ರೇಟು, ಅರಿಶಿನಕ್ಕೆ ಬೇರೆ ರೇಟು" ಎಂದ. ಅವಮಾನ ನುಂಗಿಕೊಂಡೆ. ಕೋಣೆ ಗುಡಿಸಿದೆವು, ಸುಣ್ಣ ಬಳಿದೆವು. ಕಿಟಕಿ ಸಿಕ್ಕಿತು! ಫೋನಿನಲ್ಲಿ ಅದರ ಫೋಟೋ ಹೊಡೆದುಕೊಂಡು ಗುಂಡ್ಲುಪೇಟೆಗೆ ಹೋದೆ. ಅಕ್ಕ ಡ್ರೈವರುಗಳಿಗೆ ಸಾರು ಬಡಿಸುತ್ತಿದ್ದಳು. ಮೆಸ್ ಬಿಡುವುದಿಲ್ಲ ಎಂದು ಮಾಲೀಕನಿಗೆ ಹೇಳಲು ಹೋದರೆ ಅವನು ಆಗಲೇ ಬೇರೆಯವರನ್ನು ನೋಡಿದ್ದನಂತೆ. ಇರುವುದಾದರೆ ಬಾಡಿಗೆ ಜಾಸ್ತಿ ಎಂದನಂತೆ. ನನಗೆ ಅವನ ಮೇಲೆ ಭಾರಿ ಸಿಟ್ಟು ಬಂತು. ಅಕ್ಕನಿಗೆ ಅವನ ಮೇಲೆ ಬಂದಿರಲಿಲ್ಲ.

"ಮಾತೆಲ್ಲ ಮೇಡಂ ತಾವ ಆಡನ, ಬಾ" ಎಂದಳು.

ಮತ್ತೆ ಅದೇ ಮಹಡಿ. ಮೇಡಂ ಕೇಳಿದರು: "ಬಾಡಿಗೆ ಎಷ್ಟು ಹಾಕ್ಲಿ?"

"ಸೊನ್ನೆ!" ಎಂದೆ. "ಈ ಸಲ ನಿಜ ಮೇಡಂ. ನೋಡಿ, ಕೋಣೆ. ನೋಡಿ, ಸುಣ್ಣ. ಇದು ಕಿಟಕಿ!"

ಮೇಡಂ ಫೋಟೋ ನೋಡಲಿಲ್ಲ. ಅಕ್ಕನ ಮುಖ ನೋಡಿದರು.

"ಬಾಡ್ಗೆ ಆಕವ್ವ" ಎಂದಳು ಅಕ್ಕ. "ಗುಂಡ್ಲುಪೇಟೇಲೇ ಒಂದ್ ಸಣ್ ಮನೆ ನೋಡ್ಕತೀನಿ. ಎರಡ್ ವರ್ಸ ತಾನೇ, ಬೇಯಿಸ್ತೀನಿ."

ನಾನು ಕುರ್ಚಿಯಿಂದ ಹಾರಿದೆ. "ಅಂಗಾರೆ ನಾ ಅರಿಸ್ನ ಮಾರಿದ್ದು? ಸುಣ್ಣ ಬಳ್ದಿದ್ದು? ಮಂಗಳ ನಿನ್ ಮಂಚಕ್ಕೆ ಒಸ ಚಾಪೆ ತಂದವ್ಳೆ ಕಣಕ್ಕ! ಕರೀದಿದ್ರೂ ತಪ್ಪು, ಕರುದ್ರೂ ತಪ್ಪಾ?"

"ಕೂಗಾಡ್ಬ್ಯಾಡ ಕಣ್ಲಾ. ಅಬ್ಬಕ್ಕೆ ಬತ್ತೀನಿ. ಉಂಡು, ಮಲಗಿ, ಬೆಳಿಗ್ಗೆ ಓಯ್ತೀನಿ. ಬಾಳಕ್ಕೆ ಮಾತ್ರ ಬರಕಿಲ್ಲ. ಅವತ್ತೂ ಬಾ ಅಂದೆ, ಇವತ್ತೂ ಬಾ ಅಂತೀಯ. ಯಾವ್ದು ನಿಜ ಅಂತ ಈ ವಯಸ್ನಲ್ಲಿ ನಾನ್ ಎಲ್ಲಿ ಉಡುಕ್ಕಂಡ್ ಓಗ್ಲಿ?"

ಮೇಡಂ ಬಾಡಿಗೆ ಒತ್ತಿದರು. ಎರಡು ವರ್ಷದ ಮೇಲೆ ಇನ್ನೂ ಸ್ವಲ್ಪ ಹೆಚ್ಚೇ ಬಂತು, ಮೆಸ್ಸಿನ ಮಾಲೀಕನ ದಯೆಯಿಂದ.

ನಾನು ಮಾತಿಗೆ ಶುರುಮಾಡಿದೆ. ಅರಿಶಿನದ ಬೆಲೆ ಹೇಗೆ ಮೋಸ ಮಾಡಿತು ಎಂದೆ. ಆಡಿದ್ದನ್ನೆಲ್ಲ ಟೈಪು ಮಾಡಿದರೆ ಮನುಷ್ಯ ಮಾತಾಡುವುದಾದರೂ ಹೇಗೆ ಎಂದೆ. ತೊಡೆ ಯಾಕೆ ಅಷ್ಟು ಮೆಲ್ಲಗೆ ಚಿವುಟಿದೆ ಎಂದು ಅಕ್ಕನನ್ನೇ ಕೇಳಿದೆ. ಮೇಡಂ ಲ್ಯಾಪ್‌ಟಾಪ್ ಮುಚ್ಚಿದರು. ಅಕ್ಕ ಮಂಡಿ ಹಿಡಿದುಕೊಂಡು ಮೆಟ್ಟಿಲ ಕಡೆ ಹೊರಟಳು. ಒಂದೊಂದು ಮೆಟ್ಟಿಲಿಗೂ ಗೋಡೆಗೆ ಕೈಕೊಟ್ಟು ಇಳಿಯುತ್ತಿದ್ದಳು. ಆ ಮಂಡಿಯ ಮೇಲೆ ಇನ್ನೂ ಎರಡು ವರ್ಷ ನಿಲ್ಲಿಸಿದವನು ಮಾಲೀಕನಲ್ಲ, ಮೇಡಂ ಅಲ್ಲ, ಅರಿಶಿನವೂ ಅಲ್ಲ.

ಕೆಳಗೆ ಗೊಬ್ಬರ ಕೊಳ್ಳಲು ಬಂದವರೆಲ್ಲ ತಲೆ ಎತ್ತಿ ನೋಡುವ ಹಾಗೆ, ಮಹಡಿಯ ಮೇಲಿಂದಲೇ ಕೂಗಿಬಿಟ್ಟೆ.

"ಅಕ್ಕಾ! ಬಾಯಿಗ್ ಬಂತು ಅಂತ ಬಾ ಅಂದ್ಬುಟ್ಟೆ. ನೀನು ನಂಬ್ಕಂಡೆ. ತಪ್ಪಾಯ್ತು ಕಣಕ್ಕ."