ಬೋರ್ಡಿನ ಮೇಲಿದ್ದ ಗ್ರಾಫಿಕ್ಸ್

ಮನೆಗೆ ಕಂಪ್ಯೂಟರ್ ಕೊಳ್ಳಲು ಹೋದ ನಮ್ಮ ಕಡೆಯ ಜನಕ್ಕೆ ಅಂಗಡಿಯವರು ಸುಳ್ಳು ಹೇಳಿದರು. ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ. ಪೆಟ್ಟಿಗೆಯೊಳಗೆ ಏನಿದೆ ಎಂದು ಕೇಳಿದರೆ ಹೊರಗಿನ ಬಣ್ಣ ತೋರಿಸಿದರು. ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳಲ್ಲಿ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾವ ಊರಿಗೆ ಹೋದರೂ ಇಂಥದ್ದೊಂದು ನಡೆದೇ ಇರುತ್ತಿತ್ತು. ಕೇಳಿದರೆ ನಗು ಬರುತ್ತದೆ. ನಾವು ನಕ್ಕು ಮನೆಗೆ ಹೋದದ್ದಕ್ಕೇ ಅವರ ವ್ಯಾಪಾರ ನಡೆಯಿತು.

ನನಗೆ ಇದರ ಗೊಡವೆ ಬಂದದ್ದು ತಂಗಿಯಿಂದ. ಕೊಟ್ಟೂರಿನಲ್ಲಿ ಗಂಡನ ಮನೆಯಲ್ಲೇ ಕೂತು ಮದುವೆಯ ಫೋಟೋ ಆಲ್ಬಂ ಜೋಡಿಸುವ ಕೆಲಸ ಹಿಡಿಯಬೇಕೆಂದಿದ್ದಳು. ಹಡಗಲಿಯ ಸ್ಟುಡಿಯೋದವನು ಖಡಾಖಂಡಿತ ಹೇಳಿದ್ದ: "ನೋಡ್ರೆವ್ವಾ, ದೊಡ್ಡ ಫೋಟೋ ತೆರೆದ್ರ ನಿಮ್ಮ ಕಂಪ್ಯೂಟರ್ ಅಲ್ಲೇ ನಿಂದ್ರಬಾರ್ದು. ಗ್ರಾಫಿಕ್ಸ್ ಚಲೋ ಇದ್ರ ಈ ಸಲದ ಮದುವಿ ಎಲ್ಲಾ ನಿಮಗ. ಇಲ್ಲಾಂದ್ರ ದಾವಣಗೆರೆಗೆ ಕಳಿಸ್ತೀನಿ." ಮನೆಯಲ್ಲಿ ಆಗಲೇ ಒಂದು ಕಂಪ್ಯೂಟರ್ ಇತ್ತು. ಅದರ ಗ್ರಾಫಿಕ್ಸ್, ಅಂದರೆ ಪರದೆಗೆ ಚಿತ್ರ ಮೂಡಿಸುವ ಭಾಗ, ಸಾಕೋ ಸಾಲದೋ? ಜಗಳ ಅಲ್ಲಿಂದ ಶುರು.

ಯಾರ ಮದುವಿ?

ಒಂದು ಮುಂಜಾನೆ ತಂಗಿಯ ಮನೆಯ ಕಟ್ಟೆಯ ಮೇಲೆ ಕೂತು, "ಮೊದಲು ಗ್ರಾಫಿಕ್ಸ್ ಕಾರ್ಡ್ ಐತೋ ಇಲ್ಲೋ ನೋಡಬೇಕು" ಎಂದೆ. ನಮ್ಮ ಊರುಗಳಲ್ಲಿ ಗ್ರಾಫಿಕ್ಸ್ ಎಂದರೆ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಪಕ್ಕದ ಮನೆಯ ಅಜ್ಜಿ ಕಿವಿ ನೆಟ್ಟಗೆ ಮಾಡಿದಳು.

"ಯಾರ ಮದುವಿ ಕಾರ್ಡಪಾ?"

"ಮದುವಿದಲ್ಲಬೇ ಅಜ್ಜಿ, ಕಂಪ್ಯೂಟರ್ ಒಳಗಿಂದು."

"ಒಳಗ ಯಾಕ ಇಟ್ಟೀರಿ? ಮಂದಿಗೆ ಹಂಚಬಾರ್ದೇನು?"

ಎಷ್ಟು ಬಿಡಿಸಿ ಹೇಳಿದರೂ ನಂಬಲಿಲ್ಲ. ಮನೆಯಲ್ಲಿ ಗುಟ್ಟಾಗಿ ಮದುವೆ ನಡೆಯುತ್ತಿದೆ, ತನ್ನನ್ನು ಬಿಟ್ಟಿದ್ದಾರೆ ಎಂದು ಗಟ್ಟಿ ಮಾಡಿಕೊಂಡಳು. ಮರುದಿನ ಸೆರಗಿನಲ್ಲಿ ಒಂದು ಕುಪ್ಪಸದ ಬಟ್ಟೆ ಮುಚ್ಚಿಕೊಂಡು ಬಂದು ತಂಗಿಯ ಕೈಗೆ ತುರುಕಿದಳು: "ನೀವು ಕರೀದಿದ್ರೇನಾತು, ನಾನು ಮುಯ್ಯಿ ತಪ್ಪಿಸಾಕಿಲ್ಲ!"

ಬೋರ್ಡಿನ ಮೇಲೆ

ಕಂಪ್ಯೂಟರ್ ಮಾರಿದ್ದ ಅಂಗಡಿಗೇ ಹೋದೆವು. ನಾನು, ತಂಗಿ, ಅವಳ ಮಾವ. ಮಾವ ಒಕ್ಕಲುತನ ಮಾಡಿಕೊಂಡಿದ್ದವರು, ಯಾರ ಮಾತನ್ನೂ ಸುಮ್ಮನೆ ಒಪ್ಪುವವರಲ್ಲ.

"ಗ್ರಾಫಿಕ್ಸ್ ಹಾಕಿಯೇನಪಾ ಇದರಾಗ?" ಎಂದೆ.

"ಆನ್‌ಬೋರ್ಡ್ ಐತ್ರಿ ಅಣ್ಣಾರ" ಎಂದ ಅಂಗಡಿಯವನು.

"ಹಂಗಂದ್ರ?"

"ಬೋರ್ಡಿನ ಮ್ಯಾಲ ಐತ್ರಿ."

ಬೇರೆ ಕಾರ್ಡ್ ಹಾಕಿಲ್ಲ, ಒಳಗಿನ ದೊಡ್ಡ ಹಲಗೆಯಲ್ಲೇ ಬಡ ಗ್ರಾಫಿಕ್ಸ್ ಒಂದು ಅಂಟಿಕೊಂಡಿದೆ ಎಂಬುದು ಅದರ ಅರ್ಥ. ಅವನು ಬಿಡಿಸಿ ಹೇಳಲಿಲ್ಲ. ನಾನು ಅವನ ಜೊತೆ ಗುದ್ದಾಡುತ್ತಿರುವಾಗ ಮಾವ ಎದ್ದು ಹೊರಗೆ ಹೋದರು. ರಸ್ತೆಯಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಅಂಗಡಿಯ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. 'ಕಂಪ್ಯೂಟರ್ಸ್ ಮತ್ತು ಗ್ರಾಫಿಕ್ಸ್' ಎಂದು ಬರೆದಿತ್ತು. ಒಳಗೆ ಬಂದು, "ಹೌದು, ಬೋರ್ಡಿನ ಮ್ಯಾಲ ಐತಿ. ಸುಳ್ಳಲ್ಲ" ಎಂದರು.

ಅಂಗಡಿಯವನಿಗೆ ಇಷ್ಟೇ ಬೇಕಿತ್ತು. "ನೋಡ್ರಿ, ಹಿರೇರು ಕಣ್ಣಾರೆ ನೋಡಿ ಒಪ್ಪ್ಯಾರ!"

ಮಾವ ಅವನನ್ನೂ ಬಿಡಲಿಲ್ಲ. "ಒಪ್ಪೀನಿ. ಆದ್ರ ಕಡೀ ಅಕ್ಷರದ ಬಣ್ಣ ಹೋಗೇತಿ. ಅದನ್ನ ತುಂಬಿ ಕೊಡು."

ಪಾಲಿಗೆ ಹಾಕಿದ ಮೆಮೊರಿ

ಮನೆಗೆ ಬಂದು ತಂಗಿ ಒಂದು ದೊಡ್ಡ ಫೋಟೋ ತೆರೆದಳು. ಮೊದಲು ಮದುಮಗಳ ಬಾಸಿಂಗ ಬಂತು. ಚಹಾ ಕುಡಿದೆವು, ಹಣೆ ಬಂತು. ಕುತ್ತಿಗೆ ಕಾಣುವಷ್ಟರಲ್ಲಿ ತಾಳಿ ಕಟ್ಟುವ ಮುಹೂರ್ತ ಮೀರಿ ಹೋಗುವಂತಿತ್ತು. ನನಗೆ ಗುಮಾನಿ ಬಂತು. ಮೆಮೊರಿ ಎಷ್ಟಿದೆ ಎಂದು ತೆಗೆದು ನೋಡಿದರೆ, ಕೊಳ್ಳುವಾಗ ಹೇಳಿದ್ದಕ್ಕಿಂತ ಕಡಿಮೆ ತೋರಿಸಿತು. ಸಿಟ್ಟಿನಿಂದ ಅಂಗಡಿಯವನನ್ನೇ ಮನೆಗೆ ಎಳೆದುಕೊಂಡು ಬಂದೆ.

"ಮೆಮೊರಿ ಕದ್ದಿ ನೀನು!"

"ಕದ್ದಿಲ್ರಿ. ಆ ಗ್ರಾಫಿಕ್ಸಿಗೆ ತನ್ನದೇ ಅಂತ ಮೆಮೊರಿ ಇಲ್ಲ. ನಿಮ್ಮದ್ರಾಗ ಒಂದೀಟು ತಗೊಂತೈತಿ. ಶೇರಿಂಗ್ ಅಂತಾರ್ರಿ."

ಮಾವ ಹಾಸಿಗೆಯಿಂದ ಎದ್ದು ಕೂತರು. ಅಲ್ಲಿಯವರೆಗೆ ತಿಳಿಯದ್ದು ಅವರಿಗೆ ಒಮ್ಮೆಲೇ ತಿಳಿಯಿತು.

"ಪಾಲಿಗೆ ಹಾಕ್ಯಾನಲ್ಲೋ! ಹೊಲ ನಮ್ಮದು, ಬೀಜ ನಮ್ಮದು, ಕರೆಂಟ್ ನಮ್ಮದು. ಪಾಲುಗಾರ ನೋಡಿದ್ರ ಬದುವಿನ ಮ್ಯಾಲ ಮಕ್ಕೊಂಡಾನ!"

ಗ್ರಾಫಿಕ್ಸಿನ ಬಗ್ಗೆ ಇಷ್ಟು ಸರಿಯಾದ ವಿವರಣೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಪರದೆಯ ಹಿಂದೆ

ಸ್ಟುಡಿಯೋದವನು ಮೊದಲ ಆಲ್ಬಂನ ಫೋಟೋಗಳ ಸಿಡಿಯನ್ನು ತಂಗಿಯ ಕೈಗೆ ಕೊಟ್ಟು, "ಇದು ತಡ ಆದ್ರ ಮುಂದಿಂದು ಇಲ್ಲ" ಎಂದಿದ್ದ. ಅದನ್ನೇ ಹಿಡಿದುಕೊಂಡು ಹರಪನಹಳ್ಳಿಯ ದೊಡ್ಡ ಅಂಗಡಿಗೆ ಹೋದೆವು. ಹಳೆಯದನ್ನು ಕೊಟ್ಟು ಹೊಸದು ಒಯ್ಯುವುದೆಂದು ಮಾತು.

ಅಲ್ಲಿ ಕಾರ್ ರೇಸ್ ಆಟ ಹಾಕಿದ್ದರು. ಮಾರುವ ಹುರುಪಿನಲ್ಲಿ ಅಂಗಡಿಯವನು ಕೀಬೋರ್ಡನ್ನು ಪಟಪಟ ಒತ್ತುತ್ತಿದ್ದ, ಕಾರು ಹಾರಿಕೊಂಡು ಓಡುತ್ತಿತ್ತು. ನೋಡುವ ಜನ ಬಾಗಿಲವರೆಗೆ.

"ಗ್ರಾಫಿಕ್ಸ್ ನೋಡ್ರಿ ಸಾರ್, ಬೆಂಕಿ ಐತೆ!"

"ನಮ್ಮ ಸಿಡಿ ಹಾಕಿ ತೋರ್ಸ್ರಿ" ಎಂದಳು ತಂಗಿ.

"ಸಿಡಿ ಡ್ರೈವ್ ಇವತ್ತೊಂದಿನ ಕೆಟ್ಟೈತೆ ಮೇಡಂ."

ಇವತ್ತೇ ಯಾಕೆ ಕೆಟ್ಟಿತು? ನಾನು ಮೇಜಿನ ಕೆಳಗೆ ಬಗ್ಗಿ ಪೆಟ್ಟಿಗೆಗೆ ಕಿವಿ ಹಚ್ಚಿದೆ. ಫ್ಯಾನಿನ ಸದ್ದೇ ಇಲ್ಲ. ಪೆಟ್ಟಿಗೆಯ ಕರೆಂಟ್ ವೈರನ್ನು ಕಿತ್ತು ಕೈಯಲ್ಲಿ ಹಿಡಿದು ಎದ್ದೆ.

ಕಾರು ಓಡುತ್ತಲೇ ಇತ್ತು.

ಅಂಗಡಿಯವನು ವೈರನ್ನೂ ಕಾರನ್ನೂ ನೋಡಿದ. "ಕಾರ್ಡು ಅಂದ್ರೆ ಇದು ಸಾರ್! ಕರೆಂಟ್ ಇಲ್ದಿದ್ರೂ ಓಡ್ತೈತೆ!" ಎಂದ.

ಮಾನಿಟರಿನ ಇನ್ನೊಂದು ವೈರು ಗೋಡೆಯ ಗುಂಟ ಹೋಗಿ ಹಿಂದಿನ ಪರದೆಯೊಳಗೆ ನುಸುಳಿತ್ತು. ತಂಗಿ ಪರದೆ ಎಳೆದಳು. ಒಳಗೆ ಬೇರೆ ಕಂಪ್ಯೂಟರಿನ ಮುಂದೆ ಅಂಗಡಿಯವನ ಭಾವಮೈದುನ ಬೆವರು ಸುರಿಸಿಕೊಂಡು ಕಾರು ಓಡಿಸುತ್ತಿದ್ದ. ತಿರುಗಿಯೂ ನೋಡದೆ, "ಬೆಳಗಿಂದ ಓಡ್ಸಾಕತ್ತೀನಿ ಭಾವ, ಗಿರಾಕಿ ಒಪ್ಪಿದ್ರೋ ಇಲ್ವೋ?" ಎಂದ.

ತಂಗಿ ಅವನನ್ನು ಎಬ್ಬಿಸಿ, ಆ ಪೆಟ್ಟಿಗೆಗೇ ತನ್ನ ಸಿಡಿ ಹಾಕಿದಳು. ಮದುಮಗಳು ಬಾಸಿಂಗದಿಂದ ಕಾಲುಂಗುರದವರೆಗೆ ಒಂದೇ ಸಲ ಬಂದು ನಿಂತಳು.

"ಅಣ್ಣಾ, ಇದನ್ನ ಕಟ್ಟಿಸು."

"ಅಯ್ಯೋ ಮೇಡಂ" ಎಂದು ಅಂಗಡಿಯವನು ಅಡ್ಡ ಬಂದ. "ಇದು ಮಾರೋದಲ್ಲ, ತೋರ್ಸೋದು!"

ನಾನು ಅವನ ಬಾಗಿಲಿಗೆ ಅಡ್ಡ ಕೂತೆ. ಒಳಗಿದ್ದ ಜನವೂ ಕೂತರು. ಕೊನೆಗೆ ತೋರಿಸಿದ್ದನ್ನೇ ಕಟ್ಟಿಕೊಟ್ಟ. ಆ ಸಲದ ಮದುವೆಗಳು ದಾವಣಗೆರೆಗೆ ಹೋಗಲಿಲ್ಲ, ತಂಗಿಯ ಮನೆಗೆ ಬಂದವು.

ನೀವೂ ಕೊಳ್ಳಲು ಹೋಗುವವರೇ. ಅವರ ಆಟ ನೋಡಿ ಬಾಯಿ ಬಿಡಬೇಡಿ. ನಿಮ್ಮ ಕೆಲಸವನ್ನು ಒಯ್ಯಿರಿ, ಅವರ ಮೇಜಿನ ಮೇಲೇ ತೆರೆಸಿರಿ. ಆಗುವುದಿಲ್ಲ ಎಂದರೆ ವೈರು ಕೀಳಿರಿ. ತೋರಿಸಿದ್ದನ್ನೇ ಕೊಡುವವರೆಗೆ ಬಾಗಿಲು ಬಿಟ್ಟು ಏಳಬೇಡಿ.