ಬಾಡಿಗೆಗೆ ಕೊಡುವುದಿದೆ, ಬಿಡುವವರಿಗೆ

ಕಾಶೀಬಾಯಿ: ಬರೂದು ಯಾವಾಗ ಅಂತ ನಾ ಕೇಳಲಿಲ್ರಿ. ಬಿಡೂದು ಯಾವಾಗ, ಅದನ್ನ ಹೇಳ್ರಿ ಮೊದಲ.

ಬಸಲಿಂಗಪ್ಪ: ಇನ್ನಾ ಒಳಗ ಕಾಲು ಇಟ್ಟಿಲ್ಲಲ್ರಿ ಕಾಕೂ!

ಕಾಶೀಬಾಯಿ: ಕಾಲು ಇಟ್ಟ ಮ್ಯಾಲ ಕೇಳಿ ಏನು ಉಪಯೋಗ? ಕಾಯದೆ ಬಾಡಿಗಿದಾರನ ಬಾಜು ಐತಿ. ಒಮ್ಮೆ ಕುಂತವನ್ನ ಎಬ್ಬಸಾಕ ಕೋರ್ಟಿಗೂ ಆಗಾಂಗಿಲ್ಲ. ಈ ವಿಷಯದಾಗ ನನಗ ಭಾಳ ಅನುಭವ ಐತಿ.

ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಹಿಂದೆ, ಕಾಶೀಬಾಯಿಯವರ ಮನೆಯ ಹಿತ್ತಲ ಕಡೆಯ ಎರಡು ಕೋಣೆಗಳ ಮುಂದೆ ಬಸಲಿಂಗಪ್ಪ ಚಪ್ಪಲಿ ಬಿಟ್ಟು ನಿಂತಿದ್ದ. ಅವನು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ದಿನಾ ಖಾನಾಪುರದಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬರುವವನು. ಬೆಳಗಾವಿ ಮುಟ್ಟುವ ಅವಸರ ಆ ಗಾಡಿಗೆ ಎಂದೂ ಇರಲಿಲ್ಲ, ಸಾಹೇಬರಿಗೆ ಮಾತ್ರ ಇತ್ತು. ಇನ್ನೊಂದು ಸಲ ತಡವಾದರೆ ಇನ್‌ಕ್ರಿಮೆಂಟಿಗೆ ಕತ್ತರಿ ಎಂಬ ಮೆಮೋ ಕೈಗೆ ಬಂದು ನಾಲ್ಕು ದಿನವಾಗಿತ್ತು. ಎಲ್ಲಿ ಕೇಳಿದರೂ ಅರ್ಧ ಪಗಾರ ನುಂಗುವ ಬಾಡಿಗೆ. ಅರವತ್ತು ರೂಪಾಯಿಗೆ ಸಿಗುವ ಮನೆ ಇದೊಂದೇ. ಇದಕ್ಕಾಗಿ ನಾಲ್ಕು ಸುಳ್ಳು ಹೇಳಿದರೆ ಪಾಪವಿಲ್ಲ ಎಂದು ಅವನ ಮನಸ್ಸು ಆಗಲೇ ತೀರ್ಪು ಕೊಟ್ಟಿತ್ತು.

ಬಸಲಿಂಗಪ್ಪ: ಕಾಕೂ, ನಂದು ವರ್ಗ ಆಗೂ ನೌಕರಿ. ಎರಡು ವರ್ಷಕ್ಕೊಮ್ಮೆ ಗಂಟು ಕಟ್ಟೂದ. ಅಥಣಿ ಆತು, ಹಾವೇರಿ ಆತು. ಇಲ್ಲಿ ಹಾಸಿಗಿ ಹಾಸೂದರಾಗ ಆರ್ಡರ್ ಬಂದಿರ್ತೈತಿ ನೋಡ್ರಿ!

ಕಾಶೀಬಾಯಿಯವರ ಮುಖ ಅರಳಿತು. ಸೊಂಟದಿಂದ ಕೀಲಿಕೈ ಹೊರಗೆ ಬಂತು. ಅಷ್ಟರಲ್ಲಿ, ಹಿತ್ತಲು ನೋಡಲು ಹೋಗಿದ್ದ ಬಸಲಿಂಗಪ್ಪನ ಹೆಂಡತಿ ಗಂಗಾದೇವಿ ಕೂಸನ್ನು ಎತ್ತಿಕೊಂಡು ಸಂಭ್ರಮದಿಂದ ಬಂದಳು. ಇಲ್ಲಿ ನಡೆದ ಮಾತು ಒಂದೂ ಅವಳ ಕಿವಿಗೆ ಬಿದ್ದಿರಲಿಲ್ಲ.

ಗಂಗಾದೇವಿ: ಏನ್ರಿ, ಮಣ್ಣು ಭಾಳ ಛಲೋ ಐತಿ! ಬಚ್ಚಲ ನೀರು ಹರಿಯೂ ಕಡೆ ಎರಡು ತೆಂಗಿನ ಸಸಿ ಹಚ್ಚೂಣು. ಎಂಟು ವರ್ಷಕ್ಕ ಕಾಯಿ ಬಿಡ್ತಾವ.

ಕಾಶೀಬಾಯಿ: ಎಂಟು ವರ್ಷ?

ಬಸಲಿಂಗಪ್ಪ: ಮುಂದ ಬರೂ ಬಾಡಿಗಿದಾರರು ತಿನ್ಲಿ ಅಂತ, ಕಾಕೂ. ಇಕಿದು ದಾನಧರ್ಮದ ಸ್ವಭಾವ.

ಗಂಗಾದೇವಿ: ಅಯ್ಯ, ನಾ ಹಚ್ಚಿದ ಗಿಡದ ಕಾಯಿ ಮಂದಿಗ್ಯಾಕ ಕೊಡ್ಲಿ? ಕಾಕೂ, ಇಲ್ಲಿ ಹೈಸ್ಕೂಲು ಸಮೀಪ ಐತೇನ್ರಿ?

ಕಾಶೀಬಾಯಿ: ಯಾರಿಗೆ?

ಗಂಗಾದೇವಿ: ಇವಗರಿ, ಸೊಂಟದ ಮ್ಯಾಗಿನವಗ. ಮುಂದಿನ ತಿಂಗಳ ಹಲ್ಲು ಬರ್ತಾವ.

ಬಸಲಿಂಗಪ್ಪ ಕೆಮ್ಮಿದ, ಕಣ್ಣು ಮಿಟುಕಿಸಿದ. ಹೆಂಡತಿ ಅವನ ಕಣ್ಣಿಗೆ ಕಸ ಬಿತ್ತೆಂದು ತಿಳಿದು ಸೆರಗಿನ ತುದಿಗೆ ಬಾಯಿಂದ ಉಗಿ ಊದಿ ಒತ್ತಲು ಬಂದಳು.

ಕಾಶೀಬಾಯಿ: ತಂಗಿ, ಇವರಿಗೆ ಎರಡು ವರ್ಷಕ್ಕೊಮ್ಮೆ ವರ್ಗ ಆಗ್ತೈತಂತಲ್ಲ?

ತನ್ನ ಗಂಡನನ್ನು ನೆಲೆಯಿಲ್ಲದ ಮನುಷ್ಯ ಎಂದುಬಿಟ್ಟರಲ್ಲ ಎಂದು ಗಂಗಾದೇವಿಗೆ ರೋಷವೇ ಬಂತು.

ಗಂಗಾದೇವಿ: ಯಾರು ಹೇಳಿದ್ರು? ಬಡ್ತಿ ಕೊಟ್ಟು ಬೀದರಕ್ಕ ಹಾಕಿದ್ರ, ಬಡ್ತಿನೂ ಬ್ಯಾಡ ಬೀದರಾನೂ ಬ್ಯಾಡ ಅಂತ ಬರದು ಕೊಟ್ಟು ಬಂದಾರ ಇವರು. ಹತ್ತು ವರ್ಷ ಆತು, ಕುಂದರೂ ಕುರ್ಚಿ ಸೈತ ಬದಲಿ ಆಗಿಲ್ಲ! ನಮ್ಮನ್ನ ಇಲ್ಲಿಂದ ಯಾರೂ ಅಲ್ಲಾಡಸಾಕ ಆಗಾಂಗಿಲ್ಲ. ನೀವೇನೂ ಚಿಂತಿ ಮಾಡಬ್ಯಾಡ್ರಿ.

ಕೀಲಿಕೈ ಮತ್ತೆ ಸೊಂಟ ಸೇರಿತು.

ಕಾಶೀಬಾಯಿ: ನಮಸ್ಕಾರ್ರಿ. ಸಂಜೀ ಗಾಡಿ ತಪ್ಪೀತು, ಹೊರಡ್ರಿ.

ಬಸಲಿಂಗಪ್ಪ: (ಮೆಲ್ಲಗೆ) ಕೆಡಿಸಿದಿ ನೋಡು. ವರ್ಗ ಆಗಿ ಎದ್ದು ಹೋಗವರಿಗಷ್ಟ ಮನಿ ಕೊಡ್ತಾರ ಇಲ್ಲಿ.

ಗಂಗಾದೇವಿ: ನಾ ಖರೇ ಹೇಳಿದ್ನಿ.

ಬಸಲಿಂಗಪ್ಪ: ಖರೇ ಹೇಳವರಿಗೆ ಯಾರು ಮನಿ ಕೊಡ್ತಾರ?

ಆಗ ಅಂಗಳದ ಗೇಟು ಕಿರ್ರೆಂದಿತು. ಕರಿ ಟೋಪಿಯ, ಕೊಡೆ ಹಿಡಿದ ಮುದುಕರೊಬ್ಬರು ಒಳಗೆ ಬಂದರು. ಅವರನ್ನು ನೋಡಿದ್ದೇ ಕಾಶೀಬಾಯಿ ಹಲ್ಲುನೋವು ಬಂದವರಂತೆ ಮುಖ ಮಾಡಿದರು.

ಕಾಶೀಬಾಯಿ: ಮಧುಕರರಾವ್, ಇವತ್ತ ಮನ್ಯಾಗ ಬಳಗ ಬಂದಾರ. ಮುಂದಿನ ತಿಂಗಳ ಬರ್ರಿ.

ಮಧುಕರರಾವ್: ಪ್ರತಿ ತಿಂಗಳಾ ಅದನ್ನ ಹೇಳ್ತೀರಿ. ಕಾಕೂ, ನನ್ನ ಮನಿ ಯಾವಾಗ ಬಿಡ್ತೀರಿ?

ಬಸಲಿಂಗಪ್ಪ: ನಿಮ್ಮ ಮನಿ?

ಮಧುಕರರಾವ್: ಹೌದ್ರಿ, ನಮ್ಮಪ್ಪ ಕಟ್ಟಿಸಿದ್ದು. ಐವತ್ತೆಂಟರಾಗ ಆರು ತಿಂಗಳ ಸಲುವಾಗಿ ಇವರಿಗೆ ಬಾಡಿಗಿ ಕೊಟ್ರು. ಇಪ್ಪತ್ತೊಂದು ವರ್ಷ ಆತು!

ಕಾಶೀಬಾಯಿ: ಆರು ತಿಂಗಳು ಅಂದಿದ್ದೆ, ಖರೇ. ಯಾವ ಆರು ತಿಂಗಳು ಅಂತ ನಿಮ್ಮಪ್ಪ ಕೇಳಲಿಲ್ಲ.

ಕಾಶೀಬಾಯಿ ಹೇಳಿದ್ದ ಆ ‘ಭಾಳ ಅನುಭವ’ ಎಲ್ಲಿಂದ ಬಂದದ್ದೆಂದು ಬಸಲಿಂಗಪ್ಪನಿಗೆ ಈಗ ತಿಳಿಯಿತು. ತಾನು ಹೇಳಿದ ಸುಳ್ಳು ಈ ಹೆಂಗಸಿನ ಮುಂದೆ ಕೂಸಿನ ಆಟ ಎನಿಸಿ ಅವನಿಗೆ ಸಮಾಧಾನವೂ ಆಯಿತು.

ಮಧುಕರರಾವ್: ನಾ ಇದ ಊರಾಗ ಕ್ಯಾಂಪ್ ಭಾಗದಾಗ ಬಾಡಿಗಿ ಇದ್ದೇನ್ರಿ. ಅಲ್ಲಿಯ ಮಾಲಕ ದಸರಾದೊಳಗ ಬಿಡು ಅಂತಾನ, ಇಲ್ಲಿ ಇವರು ಬಿಡೂದಿಲ್ಲ ಅಂತಾರ. ಕಾಕೂ, ದೀಪಾವಳಿಗೆ ಮಗನ ಕಡೆ ಪುಣೇಕ ಹೋಗ್ತೀರಲ್ಲ? ಇಲ್ಲಿ ನೀವು ಒಬ್ಬರ ಇರ್ತೀರಿ, ಹಿಂದ ಮನಿ ಕಾಯವರು ಯಾರೂ ಇಲ್ಲ. ಈ ಸಲ ನೀವು ಹೋದ ಕೂಡಲೇ ಬಾಗಲಕ್ಕ ನಾನೂ ಒಂದು ಕೀಲಿ ಜಡೀತೇನಿ, ನೋಡ್ರಿ!

ಕಾಶೀಬಾಯಿಯವರ ಕೈ ಸೊಂಟದ ಕೀಲಿಕೈಗೆ ಹೋಯಿತು. ಆಮೇಲೆ ಗಂಗಾದೇವಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ದನಿಯಲ್ಲಿ ಜೇನು ಸುರಿಯಿತು.

ಕಾಶೀಬಾಯಿ: ಒಬ್ಬಾಕಿ ಅಂತ ಯಾರು ಹೇಳಿದ್ರು? ನಮ್ಮ ಖಾನಾಪುರದ ಬಳಗ ಇದು. ಇಲ್ಲೇ ಇರಾಕ ಬಂದಾರ.

ಮಧುಕರರಾವ್: ನೀವು ಬ್ರಾಹ್ಮಣರು, ಇವರ ಹಣೀ ಮ್ಯಾಲ ವಿಭೂತಿ ಐತಿ! ನಿಮಗ ಹೆಂಗ ಬಳಗ?

ಕಾಶೀಬಾಯಿ: ಸ್ವಲ್ಪ ದೂರದ್ದು. ತಂಗಿ, ತೆಂಗು ಎಷ್ಟು ವರ್ಷಕ್ಕ ಕಾಯಿ ಬಿಡ್ತೈತಿ ಅಂದಿ? ಗಟ್ಟಿಯಾಗಿ ಹೇಳು, ಇವರಿಗೆ ಕಿವಿ ಮಂದ.

ಗಂಗಾದೇವಿ: ಎಂಟು ವರ್ಷಕ್ಕ್ರಿ!

ಕಾಶೀಬಾಯಿ: ಕೇಳಿದ್ರಿಲ್ಲೋ? ಮತ್ತ ಇವರ ಯಜಮಾನ್ರು ಬಡ್ತಿ ಬಿಟ್ಟವರು, ಬೆಳಗಾವಿ ಬಿಡಲಿಲ್ಲ. ಹಿಡಿ ತಂಗಿ, ಕೀಲಿಕೈ. ನಾಳೇನ ಸಾಮಾನು ತರ್ರಿ.

ಬಸಲಿಂಗಪ್ಪನಿಗೆ ಕುಣಿಯಬೇಕೆನಿಸಿತು. ಸಾಹೇಬರು, ಮೆಮೋ, ಪ್ಯಾಸೆಂಜರ್ ಗಾಡಿ ಎಲ್ಲವೂ ಒಂದೇ ಏಟಿಗೆ ಹಿಂದೆ ಬಿದ್ದವು. ಆದರೆ ಸ್ವಂತ ಮನೆಯ ಮೆಟ್ಟಿಲ ಮೇಲೆ ಪರಕೀಯರ ಹಾಗೆ ಕುಸಿದು ಕೂತ ಮುದುಕರನ್ನು ನೋಡಿ ಅವನು ಬಗ್ಗಿ ಅವರ ಕೊಡೆಯನ್ನು ಎತ್ತಿಕೊಟ್ಟ.

ಮಧುಕರರಾವ್: ಹಂಗಾರ ಖಾನಾಪುರದಾಗ ನೀವು ಇದ್ದ ಮನಿ?

ಬಸಲಿಂಗಪ್ಪ: ಸ್ವಂತದ್ದ್ರಿ. ಇನ್ನ ಖಾಲೀನ ಬೀಳ್ತೈತಿ.

ಮಧುಕರರಾವ್: ನಮಗ ಕೊಡ್ರೆಪಾ. ನಾನು, ನಮ್ಮಾಕಿ, ಇಬ್ಬರ. ಬಾಡಿಗಿ ಒಂದನೇ ತಾರೀಖಿಗೆ ತಪ್ಪಾಂಗಿಲ್ಲ. ರಿಟಾಯರ್ ಆಗೇನಿ, ಒಂದು ಮೂಲ್ಯಾಗ ಸುಮ್ನ ಬಿದ್ದಿರ್ತೇವಿ.

ಪಾಪ, ಕೊಟ್ಟುಬಿಡೋಣ ಎಂದು ಬಸಲಿಂಗಪ್ಪ ಬಾಯಿ ತೆರೆದ. ಗಂಗಾದೇವಿ ಕೀಲಿಕೈಯನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡು ಅವನಿಗಿಂತ ಮೊದಲೇ ಮಾತಾಡಿದಳು.

ಗಂಗಾದೇವಿ: ಹೆಂಗ ಕೊಡೂದ್ರಿ, ಅಜ್ಜಾರ? ರಿಟಾಯರ್ ಆದವರಿಗೆ ವರ್ಗ ಆಗಾಂಗಿಲ್ಲಲ್ಲ!