ಕೌದಿಯ ಹೊಟ್ಟೆಯೊಳಗಿನ ರೊಟ್ಟಿ

ನಿಧಿ, ತೇಜು, ನಿಮ್ಮ ಅಜ್ಜಿ ಒಂದು ಸಂಸ್ಥೆಯ ಸಂಸ್ಥಾಪಕಿ ಎಂದು ನಿಮ್ಮ ಅಮ್ಮ ಕಾರ್ಡು ಅಚ್ಚು ಹಾಕಿಸಿದ್ದಾಳೆ. ಅದನ್ನು ಪೂರ್ತಿ ನಂಬಬೇಡಿ. ನಾನು ಏನನ್ನಾದರೂ ಸ್ಥಾಪಿಸುವವರ ಪೈಕಿ ಅಲ್ಲ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಹೆಸರು ಕರೆದಾಗ 'ಹಾಜರ್' ಎನ್ನಲೂ ನಾಚಿಕೆಯಾಗಿ, ಎಷ್ಟೋ ದಿನ ತರಗತಿಯಲ್ಲಿ ಕೂತೇ ಗೈರುಹಾಜರಾಗಿದ್ದೇನೆ. ಮದುವೆಯಾದ ಮೇಲೆ ನನ್ನ ಪಾಲಿನ ಮಾತನ್ನೂ ನಿಮ್ಮ ಅಜ್ಜನೇ ಆಡುತ್ತಿದ್ದರು. ಅವರು ಹೋದ ಮೇಲೆ ನಿಮ್ಮ ಅಮ್ಮ ನನ್ನನ್ನು ಡಚ್ಚರ ನಾಡಿನ ಈ ಆಮರ್ಸ್‌ಫೋರ್ಟ್‌ಗೆ ಕರೆತಂದಳು. ಇಲ್ಲಿಯ ಭಾಷೆ ಬಾರದ್ದರಿಂದ ಸುಮ್ಮನಿರಲು ನನಗೆ ಒಳ್ಳೆಯ ಕಾರಣವೇ ಸಿಕ್ಕಿತು.

ಎಲ್ಲಕ್ಕೂ ಮೂಲ ಒಂದು ಕೌದಿ. ನಿಮಗೆ ಗಿಡ್ಡವಾದ ಪ್ಯಾಂಟುಗಳನ್ನೂ ನನ್ನ ಹಳೆಯ ಸೀರೆಗಳನ್ನೂ ಸೇರಿಸಿ ಹೊಲಿದು ಹಿತ್ತಲಲ್ಲಿ ಒಣಹಾಕಿದ್ದೆ. ಪಕ್ಕದ ಮನೆಯ ಮರಿಯಾನ, ನಿವೃತ್ತ ಟೀಚರು, ಬೇಲಿಯಾಚೆಯಿಂದ ನೋಡಿ ತಮಗೂ ಕಲಿಸಬೇಕೆಂದರು. ಅವರ ಹಿಂದೆ ಇನ್ನೈದು ಹೆಂಗಸರು ಬಂದರು. ಎಲ್ಲರೂ ಮನೆಯಲ್ಲಿ ಒಬ್ಬರೇ ಇದ್ದು ಗೋಡೆ ನೋಡುತ್ತಿದ್ದವರು. ಬಡಾವಣೆಯ ಸಮುದಾಯ ಭವನದಲ್ಲಿ ಪ್ರತಿ ಮಂಗಳವಾರ ಕೂರಲು ಒಂದು ಕೋಣೆಯೂ ಸಿಕ್ಕಿತು.

"ಅವ್ವಾ, ಇದಕ್ಕ ಸೋಶಿಯಲ್ ಎಂಟರ್‌ಪ್ರೈಸ್ ಅಂತಾರ. ಕೌದಿ ಮಾರಿದಂಗೂ ಆತು, ಮಂದಿಗೆ ಜೊತಿ ಸಿಕ್ಕಂಗೂ ಆತು," ಎಂದಳು ನಿಮ್ಮ ಅಮ್ಮ.

"ಹರಕ ಅರಿವಿ ಹೊಲ್ಯಾಕ ಇಷ್ಟ ದೊಡ್ಡ ಹೆಸರ್ಯಾಕ?"

"ಹೆಸರಿಲ್ಲಂದ್ರ ಇಲ್ಲಿ ಫಾರ್ಮ್ ತುಂಬಾಕ ಬರೂದಿಲ್ಲ."

ಹೆಸರು ಬಂದದ್ದೇ ತಡ, ತಾಪತ್ರಯವೂ ಬಂತು. ವರ್ಷದೊಳಗೆ ಒಬ್ಬ ಖಾಯಂ ಗಿರಾಕಿ ಸಿಗದಿದ್ದರೆ ಮಂಗಳವಾರದ ಕೋಣೆ ಯೋಗದ ತರಗತಿಗೆ ಹೋಗುತ್ತದೆ ಎಂದು ಭವನದವರು ತಿಳಿಸಿದರು. ನಮ್ಮ ಕಡೆಯಿಂದ ಬಂದ ಯೋಗವೇ ನನಗೆ ಎದುರಾಳಿಯಾಯಿತು. ಅಷ್ಟರಲ್ಲಿ ಊರಂಚಿನ ವೃದ್ಧರ ನಿವಾಸವೊಂದು ಮುಂದೆ ಬಂತು. ಅಲ್ಲಿಯವರ ಹಳೆಯ ಬಟ್ಟೆಗಳಿಂದಲೇ ಅವರವರಿಗೆ ಕೌದಿ ಹೊಲಿದುಕೊಡಬೇಕು. ಮೊದಲು ಒಂದು ಮಾದರಿ, ಹಿಡಿಸಿದರೆ ಮೂವತ್ತು. ಹೆಂಕ್ ಎಂಬ ಅಜ್ಜ ತೀರಿಹೋದ ಹೆಂಡತಿಯ ಲಂಗ, ಅಂಗಿಗಳನ್ನು ಕೊಟ್ಟು ಕಳಿಸಿದರು. ಆರು ಮಂಗಳವಾರ ಕೂತು ಹೊಲಿದೆವು.

ನನ್ನ ತಪ್ಪು ಬರುವುದು ಇಲ್ಲಿ. ನಮ್ಮ ಮನೆಯ ಪದ್ಧತಿಯಲ್ಲಿ ಕೌದಿಯ ಕೊನೆಯ ತುಂಡು ಮುಚ್ಚುವ ಮೊದಲು ಒಳಗೊಂದು ಚೂರು ರೊಟ್ಟಿ ಇಡುತ್ತಾರೆ. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವೆಂದು ನನ್ನ ಅತ್ತೆ ಹೇಳಿಕೊಟ್ಟಿದ್ದರು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಡಕ್ ರೊಟ್ಟಿಯ ಚೂರೊಂದನ್ನು ಇಟ್ಟು ಹೊಲಿದುಬಿಟ್ಟೆ.

ಮೂರನೆಯ ದಿನ ನಿವಾಸದಿಂದ ಫೋನು ಬಂತು. ಹೊರಳಿದಾಗಲೆಲ್ಲ ಕೌದಿ ಕರಕರ ಎನ್ನುತ್ತದೆ, ತನ್ನ ಮಾತು ಕದ್ದು ಕೇಳಲು ಯಾವುದೋ ಯಂತ್ರ ಇಟ್ಟಿದ್ದಾರೆ ಎಂದು ಹೆಂಕ್ ಅಜ್ಜ ಗದ್ದಲ ಎಬ್ಬಿಸಿದ್ದರು. ಅಲ್ಲಿಯವರು ಹೊಲಿಗೆ ಬಿಚ್ಚಿ ನೋಡಿದರೆ ರೊಟ್ಟಿ.

"ಅವ್ವಾ, ಖರೇ ಹೇಳು. ರೊಟ್ಟಿ ಇಟ್ಟೀಯೇನು?"

"ಸಣ್ಣದವ್ವ, ಉಗುರಿನಷ್ಟು."

"ಇಲಿ, ಇರಿವಿ ಬರ್ತಾವಂತ ಅವ್ರು ಹೆದರ್ಯಾರ. ನಡಿ, ನೀನ ಬಂದು ಹೇಳು."

"ನನಗೇನ್ ಮಾತ್ ಬರ್ತೈತಿ? ನೀನ ಹೇಳಿಬಿಡವ್ವ."

"ಕಾರ್ಡಿನ್ಯಾಗ ಸಂಸ್ಥಾಪಕಿ ಅಂತ ಯಾರ ಹೆಸರೈತಿ?"

ಹೋದೆವು, ಮರಿಯಾನ ಕೂಡ ಬಂದರು. ಮೇಲ್ವಿಚಾರಕಿಯ ಮೇಜಿನ ಮೇಲೆ ನನ್ನ ರೊಟ್ಟಿಯ ಚೂರು ಪ್ಲಾಸ್ಟಿಕ್ ಚೀಲದಲ್ಲಿ ಕೂತಿತ್ತು, ಪೊಲೀಸರು ಹಿಡಿದು ತಂದ ಮಾಲಿನ ಹಾಗೆ. ನಿಮ್ಮ ಅಮ್ಮನ ಬೆನ್ನ ಹಿಂದೆ ಸರಿದು ನಿಂತೆ. ಆದರೆ ಮರಿಯಾನರ ಮುಖ ನೋಡಿದಾಗ ಮಂಗಳವಾರದ ಆ ಕುರ್ಚಿಗಳೆಲ್ಲ ಖಾಲಿಯಾಗಿ ಕಂಡವು. ಈ ಸಲ 'ಹಾಜರ್' ಎನ್ನಲೇಬೇಕಾಯಿತು. ಕನ್ನಡದಲ್ಲೇ ಹೇಳಿದೆ: "ಹೇಳದ ಇಟ್ಟಿದ್ದು ತಪ್ಪಾತ್ರೀ. ಆದ್ರ ಉಪವಾಸ ಕೌದಿ ಕೊಡಾಕ ನನಗ ಮನಸ್ಸಾಗಂಗಿಲ್ಲ." ನಿಮ್ಮ ಅಮ್ಮ ಅದನ್ನು ಡಚ್ಚಿಗೆ ತಿರುಗಿಸಿದಳು.

ಮೇಲ್ವಿಚಾರಕಿ ನಿಯಮಗಳ ಕಡತ ಬಿಚ್ಚಿದರು. ಗಾಲಿಕುರ್ಚಿಯಲ್ಲಿ ಬಂದು ಕೂತಿದ್ದ ಹೆಂಕ್ ಅಜ್ಜ ನಡುವೆ ಬಾಯಿ ಹಾಕಿದರು. ನಿಮ್ಮ ಅಮ್ಮ ನಗು ತಡೆದುಕೊಂಡು ನನಗೆ ತಿಳಿಸಿದಳು: "ಈ ಮನ್ಯಾಗ ಹೊಟ್ಟಿ ತುಂಬಿದ್ದು ಆ ಕೌದಿದಷ್ಟ ಇತ್ತಂತ. ಅದನ್ನೂ ಕಸಗೊಂಡ್ರಿ, ನನ್ನ ರೊಟ್ಟಿ ನನಗ ಕೊಡ್ರಿ ಅನ್ನಾಕತ್ಯಾರ."

ಕೊನೆಗೆ ಮರಿಯಾನ ಉಪಾಯ ಹೇಳಿದರು. ಒಳಗೆ ಏನೂ ಇಡುವುದು ಬೇಡ, ಅಂಚಿಗೆ ಗುಂಡಿಯಿರುವ ಕಿಸೆಯೊಂದನ್ನು ಹೊಲಿಯೋಣ. ನಾವು ಖಾಲಿ ಕೊಡೋಣ, ಅದರ ಹೊಟ್ಟೆ ತುಂಬಿಸುವುದು ಹೊದೆಯುವವರಿಗೆ ಬಿಟ್ಟದ್ದು. ಮೇಲ್ವಿಚಾರಕಿ ಕಡತದಲ್ಲಿ ಕಿಸೆಯನ್ನು ಬಹಳ ಹೊತ್ತು ಹುಡುಕಿದರು. ಕಿಸೆಯ ಬಗ್ಗೆ ನಿಯಮವೇ ಇರಲಿಲ್ಲ. ಮೂವತ್ತು ಕೌದಿಗೆ ಹೇಳಿದರು. ಮಂಗಳವಾರ ನಮಗೇ ಉಳಿಯಿತು.

ಈಗ ಹೊಸ ದೂರು ಬಂದಿದೆ. ಸಕ್ಕರೆ ಕಾಯಿಲೆಯಿರುವ ಅಜ್ಜ ಅಜ್ಜಿಯರೆಲ್ಲ ಆ ಕಿಸೆಯಲ್ಲಿ ಬಿಸ್ಕತ್ತು ಬಚ್ಚಿಡುತ್ತಿದ್ದಾರಂತೆ. ಸಂಸ್ಥಾಪಕಿಯೇ ಬಂದು ನಾಲ್ಕು ಬುದ್ಧಿಮಾತು ಹೇಳಬೇಕೆಂದು ನರ್ಸುಗಳು ಕೇಳಿದ್ದಾರೆ. ನನಗೆ ಸಂಕೋಚ, ಬರಲಾರೆ ಎಂದು ನಿಮ್ಮ ಅಮ್ಮನಿಗೆ ಹೇಳಿದ್ದೇನೆ. ಅವಳು ನಂಬಿದ್ದಾಳೆ.

ಈ ಹಾಳೆಗಳನ್ನು ಅವಳ ಕಣ್ಣಿಗೆ ಬೀಳದ ಕಡೆ ಜೋಪಾನವಾಗಿಡಿ, ಮಕ್ಕಳೇ. ನನ್ನ ಕೌದಿಯ ಕಿಸೆಯಲ್ಲೇ ಇಡೋಣವೆಂದಿದ್ದೆ. ಆದರೆ ಡಾಕ್ಟರು ನನಗೂ ಸಿಹಿ ಬೇಡವೆಂದ ದಿನದಿಂದ ಅಲ್ಲಿ ಜಾಗವಿಲ್ಲ.